ಬೆಚ್ಚನೆಯದನ್ನು ಹುಡುಕುವ ಮಮೆ

ಶಿನ್ಶೂ ಬೆಟ್ಟಸೀಮೆ
೧೯೪೪ ನವೆಂಬರ್ ೬

ಸುಮಿಯೆ,

ಈ ಕಾಗದ ಅಂಚೆಯಲ್ಲಿ ಬಂದದ್ದಲ್ಲ. ನನ್ನ ಜೊತೆ ಕೆಲಸ ಮಾಡುವ ನಿಶಿಗೋರಿ ರೇಡಿಯೋ ವಾಲ್ವ್ ತರಲು ನಗೋಯಾಕ್ಕೆ ಬರುತ್ತಿದ್ದಾನೆ. ಅವನ ಕೋಟಿನ ಒಳಬಟ್ಟೆಯಲ್ಲಿಟ್ಟು ಹೊಲಿದು ಕಳಿಸಿದ್ದೇನೆ. ಓದಿ ಒಲೆಗೆ ಹಾಕು. ಅಮ್ಮನಿಗೂ ಹೇಳಬೇಡ, ಅವಳ ಬಾಯಲ್ಲಿ ಏನೂ ನಿಲ್ಲುವುದಿಲ್ಲ.

ಸೈನ್ಯದವರು ನನ್ನನ್ನು ಎಲ್ಲಿಗೆ ಕರೆದೊಯ್ದರು, ಏಕೆ ಕರೆದೊಯ್ದರು ಎಂದು ನೀನು ನಾಲ್ಕು ಕಾಗದದಲ್ಲಿ ಕೇಳಿದೆ. ಉತ್ತರ ಬರೆದರೆ ಅಂಚೆ ತಪಾಸಣೆಯವರು ಕಪ್ಪು ಮಸಿ ಬಳಿಯುತ್ತಾರೆ. ಈಗ ಹೇಳುತ್ತೇನೆ ಕೇಳು. ಇದು ಮುಚ್ಚಿಹೋದ ಒಂದು ರೇಷ್ಮೆ ನೂಲಿನ ಕಾರ್ಖಾನೆ. ಕಿಟಕಿಗಳಿಗೆಲ್ಲ ಹಲಗೆ ಹೊಡೆದಿದ್ದಾರೆ. ಒಳಗೆ ನಮ್ಮ ಪ್ರಯೋಗಶಾಲೆ. ಊರಿನವರಿಗೆ ಇದು ಕಂಬಳಿ ಉಗ್ರಾಣ.

ನನ್ನ ಮೇಜಿನ ಮೇಲೆ ಆಮೆಯಷ್ಟು ದೊಡ್ಡ ಒಂದು ಯಂತ್ರವಿದೆ. ಆರು ಕಾಲು, ಬೆನ್ನ ಮೇಲೆ ತಗಡಿನ ಚಿಪ್ಪು, ಮುಂದೆ ಬಿಸಿಯನ್ನು ಗುರುತಿಸುವ ಒಂದು ಕಣ್ಣು. ಚಿಪ್ಪಿನೊಳಗೆ ಗಾಜಿನ ಕುಪ್ಪಿ, ಕುಪ್ಪಿಯಲ್ಲಿ ಕಬ್ಬಿಣದ ಉಪ್ಪು ಕರಗಿಸಿದ ನೀರು. ಕರೆಂಟು ಹರಿದಾಗ ಆ ನೀರಿನಲ್ಲಿ ಕೂದಲಿಗಿಂತ ಸಣ್ಣ ಎಳೆಗಳು ಬೆಳೆಯುತ್ತವೆ. ನಡೆದ ದಾರಿಯಲ್ಲಿ ಬಿಸಿ ಸಿಕ್ಕರೆ ಎಳೆ ದಪ್ಪವಾಗುತ್ತದೆ, ಸಿಗದಿದ್ದರೆ ಕರಗಿಹೋಗುತ್ತದೆ. ನಾನು ಮಾಡಿದ್ದು ಅಷ್ಟೇ. ಅದು ಬಿಸಿ ಒಲೆಯ ಕಡೆ ಹೋಗಬೇಕು, ಇದೇ ಲೆಕ್ಕಾಚಾರ.

ಕಳೆದ ವಾರ ಅದು ಒಲೆಯ ಕಡೆ ಅರ್ಧ ದಾರಿ ಹೋಗಿ ನಿಂತಿತು. ಆಮೇಲೆ ತಿರುಗಿ ಬಂದು ನನ್ನ ಬೂಟಿಗೆ ಒರಗಿಕೊಂಡಿತು. ಒಲೆ ನನಗಿಂತ ಎಷ್ಟೋ ಪಟ್ಟು ಬಿಸಿ. ತಂತಿಗಳನ್ನೆಲ್ಲ ಬಿಚ್ಚಿ ನೋಡಿದೆ, ತಪ್ಪೇನೂ ಇರಲಿಲ್ಲ. ಮತ್ತೆ ಬಿಟ್ಟೆ. ಮತ್ತೆ ನನ್ನ ಬೂಟಿಗೇ ಬಂತು. ನಿಶಿಗೋರಿ, "ಇದಕ್ಕೆ ಜೀವ ಬಂದುಬಿಟ್ಟಿದೆ ಕಣಯ್ಯಾ, ನಿನ್ನನ್ನೇ ಅಪ್ಪ ಅಂದ್ಕೊಂಡಿದೆ!" ಎಂದು ನಕ್ಕ. ನಾನೂ ನಕ್ಕೆ.

ಕಾಳಿನಂತೆ ಪುಟ್ಟದು, ಅದಕ್ಕೇ ಮಮೆ ಎಂದು ಹೆಸರಿಟ್ಟಿದ್ದೇನೆ. ಇನ್ನು ಅಂಚೆಯ ಕಾಗದಗಳಲ್ಲಿ ಅದನ್ನು ಇಲ್ಲಿ ಸಿಕ್ಕ ಅನಾಥ ಮಗು ಎಂದೇ ಬರೆಯುತ್ತೇನೆ. ನೀನೂ ಹಾಗೆಯೇ ಬರೆ. ಮನೆ ಕುಸಿದಾಗ ಮಣ್ಣಿನಡಿ ಉಸಿರಾಡುತ್ತಿರುವವರನ್ನು ಹುಡುಕಿ ತೋರಿಸಲು ಇಂಥದ್ದು ಬೇಕಂತೆ. ಮದುವೆಯಾದ ಮೇಲೆ ನಿನಗೆ ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಕೆಲಸ ಸಿಕ್ಕಿದ್ದು ಇದೇ ಮೊದಲು.

ತೆಯ್ಜಿ

*

ನಗೋಯಾ
೧೯೪೪ ನವೆಂಬರ್ ೨೫

ತೆಯ್ಜಿ ಅವರಿಗೆ,

ಅಂಚೆಯಲ್ಲಿ ಬಂದ ನಿಮ್ಮ ಕಾರ್ಡನ್ನು ಅತ್ತೆಗೆ ಓದಿ ಹೇಳಿದೆ. ತಂದೆತಾಯಿ ಇಲ್ಲದ ಮಗುವೊಂದು ಸಿಕ್ಕಿದೆ, ನೀವೇ ನೋಡಿಕೊಳ್ಳುತ್ತಿದ್ದೀರಿ ಎಂಬ ಸಾಲು ಬಂತು ನೋಡಿ, ಅವರು ಕಾಯಿಪಲ್ಯ ಹೆಚ್ಚುವುದನ್ನು ಬಿಟ್ಟು ಕುಳಿತರು.

"ಅನಾಥ ಮಗು ಅಂತೆ! ಆ ಬೆಟ್ಟದಲ್ಲಿ ಮಕ್ಕಳೇನು ಮರದಿಂದ ಉದುರ್ತವಾ? ಮೂಗು ಯಾರ ಥರ ಇದೆ ಅಂತ ಬರೆದು ಕೇಳು ಆ ಕಳ್ಳನ್ನ."

"ಅತ್ತೇ, ನನ್ನ ಮುಂದೇನೇ ಹೀಗೆ ಅಂತೀರಲ್ಲ?"

"ನಿನ್ನ ಮುಂದೆ ಅನ್ನದೆ ಇನ್ನಾರ ಮುಂದೆ ಅನ್ನಲಿ? ಇಷ್ಟು ವರ್ಷ ಆಯ್ತು, ನೀನಂತೂ ಒಂದು ಮೊಮ್ಮಗು ಕೊಡಲಿಲ್ಲ. ಅವನದ್ದೇ ಆಗಿದ್ರೂ ಇರಲಿ ಬಿಡು. ಕರ್ಕೊಂಡು ಬರಲಿ. ನಾನು ಸಾಕ್ತೀನಿ, ನೀನು ಮುಖ ಊದಿಸ್ಕೊಂಡಿರು."

ನಗಬೇಕೋ ಅಳಬೇಕೋ ತಿಳಿಯದೆ ಅಡುಗೆಮನೆಗೆ ಹೋದೆ. ನಿಮ್ಮ ಮಾತು ನಡೆಸಿಕೊಡಲು ಹೋಗಿ ಈ ಮನೆಯಲ್ಲಿ ಸವತಿಯನ್ನು ಸಹಿಸಿಕೊಂಡ ಸಾಧ್ವಿಯಾಗಿಬಿಟ್ಟಿದ್ದೇನೆ. ಪಕ್ಕದ ಮನೆ ಒಗುರಾ ಅವರಿಗೂ ಸುದ್ದಿ ಮುಟ್ಟಿದೆ. ನೀರಿಗೆ ಸಾಲು ನಿಂತಾಗ ನನ್ನನ್ನು ಕನಿಕರದಿಂದ ನೋಡುತ್ತಾರೆ.

ಮಗು ಏನು ತಿನ್ನುತ್ತದೆ, ಎಷ್ಟು ಎತ್ತರ, ಎದೆಯ ಸುತ್ತಳತೆ ಎಷ್ಟು, ಎಲ್ಲ ಬರೆಯಬೇಕಂತೆ. ಅತ್ತೆಯ ಅಪ್ಪಣೆ.

ಸುಮಿಯೆ

*

ಶಿನ್ಶೂ
೧೯೪೪ ಡಿಸೆಂಬರ್ ೩

ಸುಮಿಯೆ,

ಮೂಗಿನ ವಿಷಯ ಅಮ್ಮನಿಗೆ ಹೇಳು: ಮೂಗೇ ಇಲ್ಲದಷ್ಟು ಚಪ್ಪಟೆ, ನಮ್ಮ ವಂಶದ್ದಲ್ಲ. ಕೇಳಿದ ಅಳತೆಗಳನ್ನು ಬೇರೆ ಚೀಟಿಯಲ್ಲಿ ಬರೆದಿಟ್ಟಿದ್ದೇನೆ.

ಹುಡುಗ ಚುರುಕಾಗಿದ್ದಾನೆ. ದಾರಿಯಲ್ಲಿ ಪೆಟ್ಟಿಗೆ ಅಡ್ಡ ಇಟ್ಟರೆ ಮೊದಲು ಡಿಕ್ಕಿ ಹೊಡೆಯುತ್ತಿದ್ದ. ಈಗ ಸುತ್ತಿ ಬರುತ್ತಾನೆ. ಒಮ್ಮೆ ಸುತ್ತಿದ್ದನ್ನು ಮರೆಯುವುದಿಲ್ಲ. ಬೆನ್ನ ಮೇಲೆ ಅಂಗೈ ಇಟ್ಟರೆ ತಟಸ್ಥನಾಗಿ ನಿಂತುಬಿಡುತ್ತಾನೆ, ಕೈ ತೆಗೆದರೂ ಸ್ವಲ್ಪ ಹೊತ್ತು ಕದಲುವುದಿಲ್ಲ. ಅದನ್ನು ನಾನು ಕಲಿಸಿರಲಿಲ್ಲ.

ಕೊರಿಯಾದಿಂದ ತಂದಿರುವ ಕೂಲಿಯವರಲ್ಲಿ ಒಬ್ಬ ದಿನಾ ನಮ್ಮ ಒಲೆಗೆ ಕಲ್ಲಿದ್ದಲು ಹಾಕಲು ಬರುತ್ತಾನೆ. ರಿಜಿಸ್ಟರಿನಲ್ಲಿ ಅವನಿಗೊಂದು ಜಪಾನೀ ಹೆಸರು ಕೊಟ್ಟಿದ್ದಾರೆ. ನಿಜವಾದ ಹೆಸರು ಬ್ಯೋನ್ ಮನ್ಸು ಎಂದು ಮೆಲ್ಲಗೆ ಹೇಳಿದ. ಹುಡುಗ ಅವನ ಕಾಲಿಗೂ ಹೋಗಿ ಅಂಟಿಕೊಳ್ಳುತ್ತಾನೆ. ಮನ್ಸು ಹೇಳುತ್ತಾನೆ, "ಸಾರ್, ನಿಮ್ಮ ಹುಡುಗ ನನ್ನ ಜೇಬು ತಡಕೋಕೆ ಬರ್ತಾನೆ. ನನ್ನ ಹತ್ರ ಹೇನು ಬಿಟ್ರೆ ಏನಿದೆ ಕೊಡೋಕೆ?"

ಮೇಜರ್ ಕುಸಾಕಬೆ ನಿನ್ನೆ ನೋಡಲು ಬಂದಿದ್ದರು. ಬೂಟು ಹಾಕಿಕೊಂಡೇ ನೆಲದ ಮೇಲೆ ಕುಳಿತು, ಕೈ ಚಾಚಿ, ಬಹಳ ಹೊತ್ತು ಆಡಿಸಿದರು. ಎದ್ದು ಹೋಗುವಾಗ ಕೇಳಿದ್ದು ಒಂದೇ ಮಾತು: "ಎಷ್ಟು ಭಾರ ಹೊರ್ತಾನೆ ಇವನು?"

ತೆಯ್ಜಿ

*

ನಗೋಯಾ
೧೯೪೪ ಡಿಸೆಂಬರ್ ೨೨

ತೆಯ್ಜಿ ಅವರಿಗೆ,

ಈ ತಿಂಗಳ ಮೊದಲಲ್ಲಿ ಭೂಮಿ ನಡುಗಿತು. ಪತ್ರಿಕೆಯಲ್ಲಿ ಏನೂ ಬಂದಿಲ್ಲ, ಆದ್ದರಿಂದ ನಾನೂ ಹೆಚ್ಚು ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಬಟ್ಟಲುಗಳು ಒಡೆದವು, ಅಷ್ಟೇ. ಒಗುರಾ ಅವರ ಮಗಳು ಕೆಲಸಕ್ಕೆ ಹೋಗುತ್ತಿದ್ದ ಕಡೆ ಮಾಡು ಕುಸಿಯಿತು. ಹುಡುಗಿಯರು ಒಳಗಿಂದ ಕೂಗುತ್ತಿದ್ದರಂತೆ, ದನಿ ಯಾವ ಮೂಲೆಯಿಂದ ಬರುತ್ತಿದೆ ಎಂದು ತಿಳಿಯಲಿಲ್ಲವಂತೆ. ಅಗೆದದ್ದು ಬೇರೆ ಮೂಲೆಯಲ್ಲಿ.

ನಾನು ಒಗುರಾ ಅವರ ಕೈ ಹಿಡಿದು ಕುಳಿತಿದ್ದಾಗ ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡೆ. ನಿಮ್ಮ ಮಮೆ ಬೇಗ ದೊಡ್ಡವನಾಗಲಿ. ಅವನನ್ನು ಸಾಕುತ್ತಿರುವುದು ಒಳ್ಳೆಯ ಕೆಲಸ. ಇಷ್ಟು ದಿನ ತಮಾಷೆಯಾಗಿ ತೆಗೆದುಕೊಂಡಿದ್ದೆ, ಕ್ಷಮಿಸಿ.

ಮಾವನವರ ಹತ್ತಿ ಕೋಟನ್ನು ಬಿಚ್ಚಿ ಅತ್ತೆ ಮಮೆಗೆ ಅಂಗಿ ಹೊಲಿದಿದ್ದಾರೆ. ಇದರ ಜೊತೆ ಕಳಿಸಿದ್ದೇನೆ. ನೀವು ಕೊಟ್ಟ ಅಳತೆ ನೋಡಿ, "ಇದೇನು ಮಗುವೋ ಕುಂಬಳಕಾಯಿಯೋ? ಉದ್ದ ಇಲ್ಲ, ಬರೀ ಅಗಲ! ಇವನು ನನ್ನ ಮಗಂಗೆ ಹುಟ್ಟಿಲ್ಲ ಬಿಡು" ಎಂದರು. ಅವರ ದನಿಯಲ್ಲಿ ನಿರಾಸೆ ಇತ್ತು.

ಸುಮಿಯೆ

*

ಶಿನ್ಶೂ
೧೯೪೫ ಜನವರಿ ೨೯

ಸುಮಿಯೆ,

ಅಂಗಿ ತಲುಪಿತು. ಅಮ್ಮನಿಗೆ ತಿಳಿಸು.

ಹಿಮ ಹೆಚ್ಚು. ಮಗುವಿಗೆ ಈಗ ಹೊರಗೆ ಬಯಲಿನಲ್ಲಿ ಅಭ್ಯಾಸ ನಡೆದಿದೆ. ಆರೋಗ್ಯವಾಗಿದ್ದಾನೆ. ನನಗೆ ಕೆಲಸ ಬಹಳ. ಕಾಗದ ತಡವಾದರೆ ಚಿಂತಿಸಬೇಡ. ವಿಮಾನಗಳು ಬಂದಾಗ ಅಮ್ಮ ಅಡಗುವ ಗುಂಡಿಗೆ ಇಳಿಯುವುದಿಲ್ಲವೆಂದು ಹಟ ಮಾಡಿದರೆ ನೀನು ಎಳೆದುಕೊಂಡಾದರೂ ಹೋಗು.

ತೆಯ್ಜಿ

*

ಇನುಯಾಮಾ
೧೯೪೫ ಮಾರ್ಚ್ ೩೦

ತೆಯ್ಜಿ ಅವರಿಗೆ,

ನಾವು ಕ್ಷೇಮ. ಇನ್ನು ಮುಂದೆ ಇನುಯಾಮಾದ ನನ್ನ ಸೋದರಮಾವನ ವಿಳಾಸಕ್ಕೇ ಬರೆಯಿರಿ. ಪೇಟೆಯಲ್ಲಿ ಇರುವುದು ಬೇಡವೆಂದು ಇಲ್ಲಿಗೆ ಬಂದಿದ್ದೇವೆ. ಪ್ಲಮ್ ಹೂವು ಉದುರಿ ಮುಗಿಯಿತು. ಇಲ್ಲಿ ಗೆಣಸು ಸಿಗುತ್ತದೆ.

ನೀವು ಕೆಲಸದ ಕಡೆ ಗಮನ ಕೊಡಿ. ಅತ್ತೆಗೆ ಈ ಸಲ ಏನೂ ಹೇಳಿ ಬರೆಸಲು ಆಗಲಿಲ್ಲ.

ಸುಮಿಯೆ

*

ಶಿನ್ಶೂ
೧೯೪೫ ಏಪ್ರಿಲ್ ೧೨

ಸುಮಿಯೆ,

ಅಮ್ಮನ ಒಂದು ಬೈಗುಳವೂ ಇಲ್ಲದ ಕಾಗದ ನಿನ್ನಿಂದ ಬಂದದ್ದು ಇದೇ ಮೊದಲು. ಸೊಂಟದ ನೋವು ಮತ್ತೆ ಶುರುವಾಯಿತೇ? ನಿನ್ನ ಸೋದರಮಾವನ ಜೊತೆ ಜಗಳವಾಡಿರಬೇಕು, ಅವರಿಬ್ಬರಿಗೂ ನಮ್ಮ ಮದುವೆಯ ದಿನದಿಂದಲೇ ಆಗಿಬರುವುದಿಲ್ಲ. ಮುನಿಸಿಕೊಂಡಿದ್ದರೆ ಮಮೆ ಕೇಳುತ್ತಿದ್ದಾನೆ ಎಂದು ಹೇಳು, ಮಾತಾಡುತ್ತಾಳೆ.

ನಿಶಿಗೋರಿ ತಿಂಗಳ ಕೊನೆಗೆ ಆ ಕಡೆ ಬರುತ್ತಾನೆ. ಏನಾದರೂ ಕೊಡುವುದಿದ್ದರೆ ಅವನ ಕೈಯಲ್ಲಿ ಕೊಡು.

ತೆಯ್ಜಿ

*

ಇನುಯಾಮಾ
೧೯೪೫ ಏಪ್ರಿಲ್ ೨೮

ತೆಯ್ಜಿ ಅವರಿಗೆ,

ಇದನ್ನು ನಿಶಿಗೋರಿ ಅವರ ಕೈಯಲ್ಲಿ ಕೊಡುತ್ತಿದ್ದೇನೆ, ಆದ್ದರಿಂದ ನಿಜ ಬರೆಯಬಹುದು. ಅವರು ಜಗಲಿಯಲ್ಲಿ ಬೂದಿಬಣ್ಣದ ಗೆಣಸಿನ ಗಂಜಿ ಕುಡಿಯುತ್ತ ಕುಳಿತಿದ್ದಾರೆ. ನನ್ನ ಮುಖ ನೋಡುತ್ತಿಲ್ಲ, ಅವರಿಗೆ ಆಗಲೇ ಹೇಳಿಬಿಟ್ಟೆ.

ಅತ್ತೆ ಇಲ್ಲ. ಮಾರ್ಚ್ ತಿಂಗಳ ಬೆಂಕಿ ಬಾಂಬುಗಳಲ್ಲಿ ನಮ್ಮ ಬೀದಿ ಹೋಯಿತು. ಗುಂಡಿಗೆ ಇಳಿದಿದ್ದೆವು. ಮೇಲೆ ಕಾವು ತಡೆಯಲಾಗದೆ ನಾನು ಅವರನ್ನು ಹೊರಗೆ ಎಳೆದೆ. ಅಷ್ಟರಲ್ಲಿ ಒಗುರಾ ಅವರ ಮನೆಯ ಗೋಡೆ ನಮ್ಮಿಬ್ಬರ ನಡುವೆ ಬಿತ್ತು. ನಾನು ಈಚೆ, ಅವರು ಆಚೆ. ಬೆಳಿಗ್ಗೆ ಹೊಗೆ ಸ್ವಲ್ಪ ಕಡಿಮೆಯಾದ ಮೇಲೆ ಬೀದಿ ಸಂಘದ ಗಂಡಸರು ಇಬ್ಬರು ಬಂದರು. ಎಲ್ಲಿ ಅಗೆಯುವುದು? ಎಲ್ಲವೂ ಒಂದೇ ಥರ ಹೆಂಚಿನ ರಾಶಿ. "ಅಮ್ಮ, ಇಲ್ಲಿ ಯಾರೂ ಉಳಿದಿರಲ್ಲ, ಬೇರೆ ಬೀದಿಗೆ ಹೋಗ್ಬೇಕು ನಾವು" ಎಂದರು. ನಾನು ಅವರ ಕಾಲು ಹಿಡಿದೆ. ಒಂದು ಕಡೆ ಅಗೆದು ಹೊರಟುಹೋದರು. ಆಮೇಲೆ ನಾನೊಬ್ಬಳೇ ಹೆಂಚಿನ ಚೂರಿನಿಂದ ಅಗೆದೆ. ಸಿಕ್ಕರು. ನೋವು ಅನುಭವಿಸಿರಲಿಕ್ಕಿಲ್ಲ, ಕೂಡಲೇ ಹೋಗಿರಬೇಕು. ಮುಖಕ್ಕೆ ಏನೂ ಆಗಿರಲಿಲ್ಲ.

ನಿಮಗೆ ಕೆಲಸದಲ್ಲಿ ಮನಸ್ಸು ಕದಡಬಾರದೆಂದು ಮುಚ್ಚಿಟ್ಟಿದ್ದೆ. ನೀವು ಮುನಿಸು, ಸೊಂಟನೋವು ಎಂದು ಬರೆದಿದ್ದನ್ನು ಓದಿ ನನಗೆ ಸಹಿಸಲಾಗಲಿಲ್ಲ.

ಅಗೆಯುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಮಣ್ಣಿನಡಿ ಉಸಿರಾಡುವವರನ್ನು ಹುಡುಕುವ ಯಂತ್ರ ಎಂದಿದ್ದಿರಿ. ನಡೆಯಲು ಕಲಿತಿದ್ದಾನೆ, ಮರೆಯುವುದಿಲ್ಲ ಎಂದಿದ್ದಿರಿ. ನವೆಂಬರಿನಿಂದ ಮಾರ್ಚಿನವರೆಗೆ ಸಮಯವಿತ್ತು. ಎಲ್ಲಿದ್ದ ರೀ ನಿಮ್ಮ ಮಮೆ? ಒಂದನ್ನಾದರೂ ನಗೋಯಾಕ್ಕೆ ಕಳಿಸಿ ಎಂದು ನಿಮ್ಮ ಮೇಜರನ್ನು ಕೇಳಲು ನಿಮಗೆ ಬಾಯಿ ಬರಲಿಲ್ಲವೇ?

ಸುಮಿಯೆ

*

ಶಿನ್ಶೂ
೧೯೪೫ ಮೇ ೧೫

ಸುಮಿಯೆ,

ನಿಶಿಗೋರಿ ಮತ್ತೆ ಬರುತ್ತಿದ್ದಾನೆ. ಇದೇ ಕೊನೆಯ ಸಲವಂತೆ, ಇನ್ನು ವಾಲ್ವುಗಳೂ ಇಲ್ಲ, ಪ್ರಯಾಣಕ್ಕೆ ಪರವಾನಗಿಯೂ ಇಲ್ಲ.

ನಿನ್ನ ಕಾಗದ ಓದಿ ರೇಷ್ಮೆಗೂಡು ಬೇಯಿಸುತ್ತಿದ್ದ ತೊಟ್ಟಿಯ ಹಿಂದೆ ಹೋಗಿ ಕುಳಿತೆ. ಮಮೆ ಹುಡುಕಿಕೊಂಡು ಬಂತು. ಕಾಲಿನಿಂದ ಅತ್ತ ತಳ್ಳಿದೆ. ಮತ್ತೆ ಬಂತು.

ನಾನು ನಿನಗೆ ಹೇಳಿದ್ದು ಸುಳ್ಳು. ಹೇಳುವಾಗ ಪೂರ್ತಿ ಸುಳ್ಳೆಂದು ನನಗೂ ಗೊತ್ತಿರಲಿಲ್ಲ. ಮೊದಲ ದಿನ ಒಬ್ಬ ಅಧಿಕಾರಿ ಹಾಗೆ ಹೇಳಿದ್ದ, ನನಗೆ ನಂಬಬೇಕಿತ್ತು, ನಂಬಿದೆ. ಡಿಸೆಂಬರಿನಲ್ಲಿ ಮೇಜರ್ ಭಾರದ ಮಾತೆತ್ತಿದಾಗಲೇ ಅರ್ಥವಾಯಿತು. ಹೊಟ್ಟೆಯ ಕೆಳಗೆ ಒಂದು ತಗಡಿನ ಡಬ್ಬಿ ಜೋಡಿಸಿದ್ದೇವೆ. ಅದರಲ್ಲಿ ಸಿಡಿಮದ್ದು. ಶತ್ರು ನಮ್ಮ ಕರಾವಳಿಗೆ ಇಳಿದಾಗ ಇವುಗಳನ್ನು ಹುಲ್ಲಿನಲ್ಲಿ ಬಿಡುವುದು. ಬೆಚ್ಚಗಿನ ಮೈ ಎಲ್ಲಿದೆಯೋ ಅಲ್ಲಿಗೆ ಹೋಗಿ ಒರಗಿಕೊಳ್ಳುತ್ತವೆ. ಒರಗಿದ ಕೂಡಲೆ ಗುಂಡಿ ಒತ್ತಿಕೊಳ್ಳುತ್ತದೆ. ನೀನು ಒಗುರಾ ಅವರ ಮಗಳ ವಿಷಯ ಬರೆದಾಗ ನಾನು ಉತ್ತರಿಸಲಿಲ್ಲ.

ಇದೇ ಥರ ಇನ್ನೂ ಹಲವು ಮಾಡಿದೆವು. ಕುಪ್ಪಿ ಅದೇ, ನೀರು ಅದೇ, ತಂತಿ ಅದೇ. ಅವು ಒಲೆಗೆ ಹೋಗಿ ಡಿಕ್ಕಿ ಹೊಡೆದು ಸುಮ್ಮನಾಗುತ್ತವೆ. ಬರೀ ಯಂತ್ರಗಳು. ಬಯಲಿನಲ್ಲಿ ನಿಜವಾಗಿ ಹುಡುಕಿಕೊಂಡು ಹೋಗುವುದು ಮಮೆ ಮಾತ್ರ. ಏಕೆಂದು ನನಗೆ ಗೊತ್ತಿಲ್ಲ. ಅದಕ್ಕೇ ಮೇಜರ್ ಅದರ ಕುಪ್ಪಿಯ ನೀರನ್ನೇ ಹಂಚಿ ಉಳಿದವುಗಳಿಗೆ ತುಂಬಬೇಕೆನ್ನುತ್ತಾರೆ. ಅದಕ್ಕೆ ಮೊದಲು ಒಂದು ಪರೀಕ್ಷೆಯಂತೆ. ಇಲ್ಲಿಯವರೆಗೆ ಆಡುಗಳನ್ನು ಕಟ್ಟಿ ಖಾಲಿ ಡಬ್ಬಿಯಿಂದ ನೋಡಿದ್ದೆವು. ಮಮೆ ಆಡಿನ ಪಕ್ಕ ಹೋಗಿ ಮಲಗಿತು, ಆಡು ಅದರ ಚಿಪ್ಪು ನೆಕ್ಕಿತು. "ಆಡಿನ ಮೈ ಬೇರೆ, ಮನುಷ್ಯನ ಮೈ ಬೇರೆ. ನನಗೆ ಮನುಷ್ಯನ ಮೈ ಬೇಕು" ಎಂದರು ಮೇಜರ್. ಇಲ್ಲಿ ಸುರಂಗ ತೋಡಲು ತಂದ ಕೂಲಿಯವನೊಬ್ಬ ಅಡುಗೆಮನೆಯಿಂದ ಗೆಣಸು ಕದ್ದು ಸಿಕ್ಕಿಬಿದ್ದಿದ್ದಾನೆ. ಪರೀಕ್ಷೆಗೆಂದು ಅವನನ್ನೇ ಇಟ್ಟುಕೊಂಡಿದ್ದಾರೆ. ಯಾರೆಂದು ನಿನಗೆ ಗೊತ್ತಿದೆ, ಕಲ್ಲಿದ್ದಲು ಹಾಕುವವನು.

ಅಮ್ಮನನ್ನು ನೀನು ಕೈಯಿಂದ ಅಗೆದು ತೆಗೆದೆ. ನಾನು ಇಲ್ಲಿ ಇದನ್ನು ಮಾಡುತ್ತಿದ್ದೆ. ನನಗೆ ಏನು ಮಾಡಬೇಕೆಂದು ತೋಚುತ್ತಿಲ್ಲ. ನೀನು ಹೇಳು. ಅಂಚೆಯಲ್ಲೇ ಬರೆ, ಮಗುವಿನ ಮಾತಿನಲ್ಲಿ ಬರೆ, ನನಗೆ ತಿಳಿಯುತ್ತದೆ.

ತೆಯ್ಜಿ

*

ಇನುಯಾಮಾ
೧೯೪೫ ಜೂನ್ ೩

ತೆಯ್ಜಿ ಅವರಿಗೆ,

ಮಗುವನ್ನು ಕಳಿಸಿ.

ಎಲ್ಲರ ಮಕ್ಕಳೂ ಹೋಗುತ್ತಿದ್ದಾರೆ. ಇಲ್ಲಿಯ ಶಾಲೆಯ ಹುಡುಗಿಯರು ಬಿದಿರಿನ ಈಟಿ ಹಿಡಿದು ಕವಾಯತು ಮಾಡುತ್ತಿದ್ದಾರೆ. ನಿಮ್ಮದೊಂದನ್ನು ಮಾತ್ರ ಮಡಿಲಲ್ಲಿಟ್ಟುಕೊಂಡು ಕೂರಬೇಕೇ? ಅದರ ಕೈಕಾಲು ಗಟ್ಟಿ ಮಾಡಿ ಕಳಿಸಿ. ಅತ್ತೆಯನ್ನು ಸುಟ್ಟವರ ಕಡೆಗೆ ಹೋಗಲಿ. ಅದಕ್ಕೆ ಮುಂಚೆ ಯಾರೋ ಒಬ್ಬ ಕಳ್ಳನಿಗೆ ಏನಾಗುತ್ತದೆ ಎಂದು ನನ್ನನ್ನು ಕೇಳಬೇಡಿ. ನನ್ನಲ್ಲಿ ಅದಕ್ಕೆ ಜಾಗವಿಲ್ಲ.

ಸುಮಿಯೆ

*

ಶಿನ್ಶೂ, ಪಟ್ಟಣದ ಆಸ್ಪತ್ರೆ
೧೯೪೫ ಅಕ್ಟೋಬರ್ ೮

ಸುಮಿಯೆ,

ಬದುಕಿದ್ದೇನೆ. ಜೂನ್ ತಿಂಗಳಿಂದ ಸೈನ್ಯದ ಜೈಲಿನಲ್ಲಿದ್ದೆ, ಕಾಗದ ಬರೆಯಲು ಬಿಡಲಿಲ್ಲ. ಯುದ್ಧ ಮುಗಿದ ಮೇಲೆ ಜೈಲಿನ ಬಾಗಿಲು ತೆರೆದರು. ಆದರೆ ಅಲ್ಲಿ ಏಟು ತಿಂದ ಕಿವಿಯ ಕೀವು ಜ್ವರಕ್ಕೆ ತಿರುಗಿ ಇಷ್ಟು ದಿನ ಲೇಖನಿ ಹಿಡಿಯಲಾಗಲಿಲ್ಲ. ಎಡಗಿವಿ ಕೇಳುವುದಿಲ್ಲ, ಉಳಿದದ್ದೆಲ್ಲ ಸರಿಯಾಗಿದೆ. ಈಗ ಕಾಗದ ಒಡೆದು ನೋಡುವವರು ಯಾರೂ ಇಲ್ಲ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ನಿನ್ನ ಕಾಗದ ಪರೀಕ್ಷೆಗೆ ಮೊದಲೇ ತಲುಪಿತ್ತು. ನನ್ನ ಜೇಬಿನಲ್ಲಿತ್ತು. ಅದನ್ನು ಓದಿ ನನಗೆ ಕೋಪ ಬರಲಿಲ್ಲ. ಅಮ್ಮನನ್ನು ಅಗೆದು ತೆಗೆದ ಕೈ ಬರೆದದ್ದು, ಅದಕ್ಕೆ ಆ ಹಕ್ಕಿದೆ ಎಂದುಕೊಂಡೆ. ನೀನು ಹೇಳಿದ ಹಾಗೇ ಮಾಡಬೇಕೆಂದೂ ಅಂದುಕೊಂಡೆ. ಡಬ್ಬಿಗೆ ಮದ್ದು ತುಂಬಲು ಕುಳಿತಾಗ ಮಮೆ ಅಭ್ಯಾಸದಂತೆ ಬಂದು ಅಂಗೈ ಕೆಳಗೆ ಬೆನ್ನು ಒಡ್ಡಿ ನಿಂತಿತು. ನಾನು ಮದ್ದಿನ ಬದಲು ಒದ್ದೆ ಮಣ್ಣು ತುಂಬಿದೆ. ಧೈರ್ಯದಿಂದ ಮಾಡಿದೆ ಎಂದು ತಿಳಿಯಬೇಡ. ಕೈ ತಾನಾಗಿ ಅತ್ತ ಹೋಯಿತು, ಆಮೇಲೆ ತುಂಬಾ ಹೆದರಿದೆ.

ಕಾರ್ಖಾನೆಯ ಹಿಂದೆ ಕಡಿದ ಹಿಪ್ಪುನೇರಳೆ ತೋಟವಿದೆ. ಒಂದು ಬೊಡ್ಡೆಗೆ ಮನ್ಸುವನ್ನು ಕಟ್ಟಿದ್ದರು. ನಾವು ಮರಳಿನ ಚೀಲಗಳ ಹಿಂದೆ. ಮೇಜರ್ ಸೀಟಿ ಊದಿದರು. ಮಮೆಯನ್ನು ಬಿಟ್ಟೆ.

ಅದು ನೆಟ್ಟಗೆ ಹೋಯಿತು. ಬೊಡ್ಡೆಗಳನ್ನು ಸುತ್ತಿ, ಹಳ್ಳ ಇಳಿದು, ಹತ್ತಿ, ಹೋಯಿತು. ಮನ್ಸು ಕಂಡ. ಮೊದಲು ನಾಯಿಗೆ ಗದರಿದ ಹಾಗೆ, "ಹೋಗು! ಹೋಗೋ ಮಮೆ, ಮನೆಗೆ ಹೋಗು!" ಎಂದ. ಆಮೇಲೆ ಬೇಡಿಕೊಂಡ, "ನನ್ನ ಹತ್ರ ಏನೂ ಇಲ್ಲಪ್ಪಾ, ಏನೂ ಇಲ್ಲ, ಬರಬೇಡ್ವೋ..." ಆಮೇಲೆ ಅವನ ಭಾಷೆಯಲ್ಲಿ ಅಮ್ಮನನ್ನು ಕರೆದ. ಆ ಒಂದು ಪದ ನನಗೂ ಗೊತ್ತಿತ್ತು. ಮಮೆ ಅವನ ಪಾದಕ್ಕೆ ಒರಗಿ ನಿಂತಿತು. ಎಲ್ಲರೂ ತಲೆ ತಗ್ಗಿಸಿದೆವು.

ಏನೂ ಆಗಲಿಲ್ಲ. ತಲೆ ಎತ್ತಿದಾಗ ಮನ್ಸು ನಗುತ್ತಿದ್ದ. ಚಡ್ಡಿ ಒದ್ದೆಯಾಗಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು, ಆದರೂ ನಗು ನಿಲ್ಲುತ್ತಿರಲಿಲ್ಲ.

ಮೇಜರ್ ನಡೆದು ಹೋಗಿ ಡಬ್ಬಿ ತೆರೆದರು. ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿದರು. ಕೂಗಾಡಲಿಲ್ಲ. ಒಬ್ಬನಿಂದ ಸುತ್ತಿಗೆ ತರಿಸಿ ನನ್ನ ಕೈಗೆ ಕೊಟ್ಟು, "ಹುಟ್ಟಿಸಿದವನು ನೀನು. ನೀನೇ ಮುಗಿಸು. ಇಲ್ಲ ಅಂದ್ರೆ ಇಲ್ಲೇ ಇವನನ್ನ ಗುಂಡು ಹಾಕ್ತೀನಿ" ಎಂದು ಮನ್ಸುವಿನ ಕಡೆ ತೋರಿಸಿದರು.

ಮಮೆ ಅವನನ್ನು ಬಿಟ್ಟು ನನ್ನ ಕಡೆ ಹೊರಟಿತು. ಕಾದು ನಿಲ್ಲಬೇಕಾಗಿಯೂ ಬರಲಿಲ್ಲ, ಅದೇ ಬಂತು. ಮೊದಲ ಏಟು ಸರಿಯಾಗಿ ಬೀಳಲಿಲ್ಲ. ಎರಡು ಕಾಲು ಮುರಿದವು. ಉಳಿದ ಕಾಲುಗಳಲ್ಲಿ ಓರೆಯಾಗಿ ತೆವಳುತ್ತ ಮತ್ತೆ ನನ್ನ ಬೂಟಿನ ಕಡೆಗೇ ಬಂತು. ಬೆನ್ನ ಮೇಲೆ ಅಂಗೈ ಇಟ್ಟೆ. ನಿಂತಿತು. ಆಮೇಲೆ ಹೊಡೆದೆ. ಕುಪ್ಪಿ ಒಡೆದು ನೀರು ಮಣ್ಣಿಗೆ ಇಂಗಿತು. ಎಳೆಗಳು ಒಂದು ಕ್ಷಣ ಹುಲ್ಲಿನ ಬೇರಿನಂತೆ ಕಂಡು, ಗಾಳಿ ತಾಕಿದ ಕೂಡಲೆ ತುಕ್ಕಾದವು.

ಅಮ್ಮ ಹೊಲಿದ ಅಂಗಿಯನ್ನು ಮೊದಲೇ ಬಿಚ್ಚಿ ತೆಗೆದಿಟ್ಟಿದ್ದೆ. ಆಗಸ್ಟಿನಲ್ಲಿ, ಸೋತ ಮೇಲೆ, ನಮ್ಮ ಸೈನ್ಯದವರೇ ಪ್ರಯೋಗಶಾಲೆಗೆ ಬೆಂಕಿ ಇಟ್ಟಾಗ ಅದೂ ಹೋಯಿತು.

ಮನ್ಸು ಬದುಕಿದ್ದಾನೆ. ಕಳೆದ ತಿಂಗಳು, ಬಂದರಿಗೆ ಹೋಗುವ ರೈಲು ಹತ್ತುವ ಮುಂಚೆ ಆಸ್ಪತ್ರೆಗೆ ಬಂದ. ಹಾಸಿಗೆಯ ಅಂಚಿನಲ್ಲಿ ಕುಳಿತು ಒಂದು ಬೇಯಿಸಿದ ಗೆಣಸು ಇಟ್ಟ. "ಇದು ಕದ್ದದ್ದಲ್ಲ ಸಾರ್" ಎಂದ. ಆಮೇಲೆ, "ನನಗೆ ಗೊತ್ತಿರಲಿಲ್ಲ ಡಬ್ಬೀಲಿ ಮಣ್ಣಿದೆ ಅಂತ. ಮೊದಲೇ ಒಂದು ಸನ್ನೆ ಮಾಡಬಾರದಿತ್ತಾ?" ಎಂದ. ಮಾಡಬಹುದಿತ್ತು. ನನಗೆ ಹೊಳೆದಿರಲಿಲ್ಲ. ಅವನು ನನಗೆ ಕೃತಜ್ಞತೆ ಹೇಳಲಿಲ್ಲ. ನಾನೂ ಅದನ್ನು ಬಯಸಿರಲಿಲ್ಲ.

ಈಗ ಒಂದು ಮಾತು ಉಳಿದಿದೆ. ಮೇಜರ್ ಕುಸಾಕಬೆ ಸೂಟು ಹಾಕಿಕೊಂಡು ಮೊನ್ನೆ ಬಂದಿದ್ದರು. ಜೊತೆಗೆ ಒಬ್ಬ ಅಮೆರಿಕನ್ ಅಧಿಕಾರಿ, ಒಬ್ಬ ದುಭಾಷಿ. ಮಂಚದ ಮೇಲೆ ಚಾಕೊಲೇಟು, ಡಬ್ಬಿಯ ಮಾಂಸ ಇಟ್ಟರು. ಇನ್ನೊಂದು ಮಮೆಯನ್ನು ಮಾಡಬೇಕಂತೆ. ಟೋಕಿಯೋದಲ್ಲಿ ಮನೆ, ಅಕ್ಕಿ, ಕಿವಿಗೆ ಒಳ್ಳೆಯ ವೈದ್ಯರು. ಹೆಂಡತಿಯನ್ನೂ ಕರೆಸಿಕೊಳ್ಳಬಹುದು. ಈ ಸಲ ಏತಕ್ಕೆ ಎಂದು ಕೇಳಿದೆ. ದುಭಾಷಿ ಅವರನ್ನು ಕೇಳಿ ಹೇಳಿದ, "ಕುಸಿದ ಮನೆಗಳಡಿ ಸಿಕ್ಕಿಕೊಂಡವರನ್ನ ಹುಡುಕೋಕೆ."

ಉತ್ತರ ಕೊಟ್ಟಿಲ್ಲ. ಕಾಗದ, ನಕ್ಷೆ ಎಲ್ಲ ಸುಟ್ಟಿವೆ. ನನ್ನ ತಲೆಯಲ್ಲಿ ಮಾತ್ರ ಇದೆ. ನೀನು ಹೊಟ್ಟೆಗಿಲ್ಲದೆ ಇದ್ದೀ ಎಂದು ನನಗೆ ಗೊತ್ತು. ಹಿಂದಿನ ಸಲ ನಿನ್ನನ್ನು ಕೇಳಿ, ನೀನು ಹೇಳಿದ್ದನ್ನು ಮಾಡಲಿಲ್ಲ. ಈ ಸಲ ನೀನು ಹೇಳಿದ ಹಾಗೆ ಮಾಡುತ್ತೇನೆ.

ತೆಯ್ಜಿ

*

ಇನುಯಾಮಾ
೧೯೪೫ ಅಕ್ಟೋಬರ್ ೨೦

ತೆಯ್ಜಿ ಅವರಿಗೆ,

ನಿಮ್ಮ ಅಕ್ಷರ ಕಂಡು ಬಾಗಿಲಲ್ಲೇ ಕುಸಿದು ಕುಳಿತೆ. ಸೋದರಮಾವ ನೀವು ಸತ್ತ ಸುದ್ದಿಯೇ ಬಂತೆಂದುಕೊಂಡು ನನ್ನ ತಲೆ ಸವರಿದರು.

ನಾವು ಇಲ್ಲಿ ಹೊಟ್ಟಿನ ಕಡುಬು ತಿನ್ನುತ್ತೇವೆ. ನನ್ನ ಮದುವೆಯ ಕಿಮೋನೋ ಮೂಲಂಗಿಗೆ ಹೋಯಿತು. ಸೋದರಮಾವ ಒಳ್ಳೆಯವರು, ಆದರೆ ಅವರ ಸೊಸೆ ನಾನು ಬಟ್ಟಲು ಚಾಚಿದಾಗಲೆಲ್ಲ ಬೇರೆ ಕಡೆ ನೋಡುತ್ತಾಳೆ. ಆದ್ದರಿಂದ ಟೋಕಿಯೋದ ಅಕ್ಕಿಯ ಮಾತನ್ನು ಎರಡು ಸಲ ಓದಿದೆ. ಸುಳ್ಳು ಹೇಳುವುದಿಲ್ಲ.

ಮನ್ಸು ಬದುಕಿದ್ದಕ್ಕೆ ಸಂತೋಷಪಡಬೇಕು. ಪ್ರಯತ್ನಿಸಿದೆ, ಇನ್ನೂ ಆಗಿಲ್ಲ. ಕಳಿಸಿ ಎಂದು ಬರೆದ ದಿನ ನಾನು ಹೇಗಿದ್ದೆನೋ ಹಾಗೆಯೇ ಇದ್ದೆ, ಈಗ ಅದನ್ನು ತಿದ್ದಿ ಬರೆಯಲಾರೆ. ಅವನು ತನ್ನ ಊರು ಮುಟ್ಟಲಿ ಎಂದು ಮಾತ್ರ ಹೇಳಬಲ್ಲೆ.

ನಿಮಗೆ ಏಪ್ರಿಲಿನಲ್ಲಿ ಬರೆಯದ ಒಂದು ವಿಷಯವಿದೆ. ಅತ್ತೆ ಕೂಡಲೇ ಹೋಗಿರಬೇಕು ಎಂದಿದ್ದೆ. ಅಲ್ಲ. ಹೆಂಚು ಸರಿಸುವಾಗ ಮೊದಲು ಸಿಕ್ಕಿದ್ದು ಅವರ ಕೈ. ಅದು ನನ್ನ ಬೆರಳನ್ನು ಹಿಡಿಯಿತು. ಮುಖ ಬಿಡಿಸುವ ಹೊತ್ತಿಗೆ ಉಸಿರಿತ್ತು, ಮಾತಿರಲಿಲ್ಲ. ನೀರಿಗೆ ಓಡಿದೆ, ಎಲ್ಲೂ ನೀರಿರಲಿಲ್ಲ. ಮಧ್ಯಾಹ್ನದವರೆಗೆ ಕೈ ಹಿಡಿದು ಕುಳಿತಿದ್ದೆ. ಸುತ್ತ ಬೂದಿಯೂ ಬಿಸಿ, ಹೆಂಚೂ ಬಿಸಿ. ಯಾವುದು ಅವರ ಕಾವು, ಯಾವುದು ಬೆಂಕಿಯ ಕಾವು ಎಂದು ನನಗೇ ತಿಳಿಯುತ್ತಿರಲಿಲ್ಲ. ಎಷ್ಟು ಹೊತ್ತಿಗೆ ಹೋದರೋ 'ಇಂಥ ಹೊತ್ತು' ಎಂದು ಹೇಳಲಾರೆ.

ಅಂಥ ಕೈಯನ್ನು ಹುಡುಕಿಕೊಂಡು ಒಂದು ಜೀವ ಬರುತ್ತದೆ, ಅದರ ಹೊಟ್ಟೆಗೆ ಯಾರೋ ಏನನ್ನೋ ತುಂಬಿರುತ್ತಾರೆ. ಈ ಸಲ ತುಂಬುವವರು ನೀವಲ್ಲ. ನಿಮ್ಮ ಕೈ ಮಣ್ಣಿನ ಕಡೆ ಹೋದ ಹಾಗೆ ಅವರ ಕೈ ಹೋಗುತ್ತದೆ ಎಂದು ಯಾರು ಹೇಳಿದರು?

ಬೇಡ ಅನ್ನಿ. ಮರೆತುಹೋಗಿದೆ ಅನ್ನಿ, ಜ್ವರದಲ್ಲಿ ತಲೆ ಕೆಟ್ಟಿದೆ ಅನ್ನಿ, ಕಿವಿ ಕೇಳುವುದಿಲ್ಲ ಎಂದು ಸುಮ್ಮನೆ ಕುಳಿತುಬಿಡಿ. ಡಬ್ಬಿಯ ಮಾಂಸವನ್ನು ಮಾತ್ರ ವಾಪಸು ಕೊಡಬೇಡಿ, ತನ್ನಿ.

ನಡೆಯಲು ಆಗುತ್ತದೆ ಎಂದ ದಿನ ಹೊರಡಿ. ನಗೋಯಾದಲ್ಲಿ ಇಳಿದು ನಮ್ಮ ಬೀದಿ ಹುಡುಕಿಕೊಂಡು ಹೋಗಬೇಡಿ, ಅಲ್ಲಿ ಬೀದಿಯೇ ಇಲ್ಲ. ನೆಟ್ಟಗೆ ಇನುಯಾಮಾಕ್ಕೆ ಬನ್ನಿ. ರೈಲುಗಳು ಯಾವ ಹೊತ್ತಿಗೆ ಬರುತ್ತವೆಂದು ಸ್ಟೇಷನ್ ಮಾಸ್ತರರಿಗೂ ಗೊತ್ತಿಲ್ಲ. ನಾನು ಸಂಜೆಯ ಕೆಲಸ ಮುಗಿಸಿ ದಿನಾ ಹೋಗಿ ನಿಂತಿರುತ್ತೇನೆ. ನಿಮ್ಮ ಬಲಗಡೆ ನಿಂತು ಕರೆಯುತ್ತೇನೆ.

ಸುಮಿಯೆ